ಮೂರು ಬೆರಳಿನ ಸಂದು

ಬಡಗಿಯ ಹೆಂಡತಿಯ ಕೆಲಸ ಹಲಗೆಗೋಡೆಯ ಹಿಂದೆ. ಗಂಡ ಕಡೆದು ಕೊಟ್ಟ ತೊಟ್ಟಿಲ ಕಂಬಿಗಳನ್ನು ಮಡಿಲಲ್ಲಿಟ್ಟುಕೊಂಡು ಉಪ್ಪುಕಾಗದದಿಂದ ತಿಕ್ಕುತ್ತಾಳೆ, ಕೆನ್ನೆಗೆ ಒತ್ತಿ ನೋಡುತ್ತಾಳೆ, ಒಂದು ಸಿಬಿರು ತಾಗಿದರೂ ಮತ್ತೆ ತಿಕ್ಕುತ್ತಾಳೆ. ಕೆಲಸ ಮಾಡಿ ಮಾಡಿ ದಡ್ಡುಗಟ್ಟಿದ ಬೆರಳಿಗೆ ಸಿಬಿರು ತಿಳಿಯುವುದಿಲ್ಲ, ಕೆನ್ನೆಗೆ ತಿಳಿಯುತ್ತದೆ. ಮುಂದಿನ ಅಂಗಡಿಯಲ್ಲಿ ಆಡುವ ಮಾತೆಲ್ಲ ಹಲಗೆಯ ಬಿರುಕಿನಿಂದ ಅವಳಿಗೆ ಕೇಳಿಸುತ್ತದೆ. ಅವಳು ಅಲ್ಲಿದ್ದಾಳೆಂದು ಗಿರಾಕಿಗಳಿಗೆ ಗೊತ್ತಿರುವುದಿಲ್ಲ.

ಅವರ ಒಬ್ಬನೇ ಮಗ ಬದುಕಿದ್ದು ಒಂಬತ್ತು ತಿಂಗಳು. ಊರಿಗೆಲ್ಲ ತೊಟ್ಟಿಲು ಮಾಡಿದವನು ತನ್ನ ಮನೆಯದನ್ನು ಮಿಕ್ಕ ಮರದಲ್ಲಿ ಮಾಡಿದ್ದ. ಕಂಬಿ ಸಾಲದೆ ಬಂದಾಗ ಇದ್ದವನ್ನೇ ದೂರ ದೂರ ಕೂರಿಸಿದ. ಸಂದು ಐದು ಬೆರಳಾಯಿತು. "ಬಿಡುವಾದಾಗ ಇನ್ನೆರಡು ಹಾಕಿದ್ರಾಯ್ತು" ಅಂದಿದ್ದ. ಅವಳು ಹಾಲು ತರಲು ಹೋಗಿದ್ದ ಅರ್ಧ ಗಂಟೆಯಲ್ಲಿ ಮಗುವಿನ ಮೈ ಆ ಸಂದಿನಲ್ಲಿ ಜಾರಿತು, ತಲೆ ಜಾರಲಿಲ್ಲ. ಬಡಗಿ ಹತ್ತು ಹೆಜ್ಜೆ ದೂರದಲ್ಲಿ ಹಲಗೆ ಕೊಯ್ಯುತ್ತಿದ್ದ.

ಅಂದಿನಿಂದ ಅವನು ಮಾಡುವ ತೊಟ್ಟಿಲಿಗೆಲ್ಲ ಮೂರು ಬೆರಳ ಸಂದು. ಯಾಕೆಂದು ಯಾರಿಗೂ ಹೇಳಲಿಲ್ಲ. ಗಂಡಹೆಂಡಿರ ನಡುವೆಯೂ ಆ ಮಾತು ಬರಲಿಲ್ಲ. ಬೆಳಿಗ್ಗೆ ದೇವರ ಮುಂದೆ ಕಣ್ಣು ಮುಚ್ಚಿ ನಿಂತಾಗ ಮಾತ್ರ ಅವಳು ಮಗನನ್ನು ನೆನೆಯುತ್ತಿದ್ದಳು. ಹನ್ನೊಂದು ವರ್ಷ ಹೀಗೇ ಹೋಯಿತು.

ಎದುರಿಗೆ ದೊಡ್ಡ ಅಂಗಡಿ ಬಂದ ಮೇಲೆ ವ್ಯಾಪಾರ ಬಿತ್ತು. ಒಂದು ದಿನ ತುಂಬು ಬಸುರಿಯೊಬ್ಬಳು ಬಂದು, "ಎದುರುಗಡೆ ಇದರ ಅರ್ಧಕ್ಕೆ ಸಿಗುತ್ತೆ. ನಿಮ್ಮದಕ್ಕೆ ಇಷ್ಟೊಂದು ಕಂಬಿ ಯಾಕೆ?" ಎಂದು ಕೇಳಿದಳು. ಬಡಗಿ ಕಂಬಿಗಳ ನಡುವೆ ಮೂರು ಬೆರಳಿಟ್ಟು ತೋರಿಸಿ, "ಸಂದು ಅಗಲ ಆಗಿ ನನ್ನ ಮಗ ಹೋದ" ಅಂದ. ಅಷ್ಟೇ ಅಂದದ್ದು. ಬಸುರಿ ಕಣ್ಣೊರೆಸಿಕೊಂಡು ತೊಟ್ಟಿಲು ಕೊಂಡುಹೋದಳು.

ಅಂದು ಹೆಂಡತಿಯ ತಮ್ಮ ಅಂಗಡಿಯಲ್ಲೇ ಇದ್ದ. ಊರವರು ಅವನನ್ನು ಕರೆಯುವುದು ಮಾತಿನಮಲ್ಲ ಎಂದು.

"ಭಾವ, ಮರ ಎಲ್ಲರ ಹತ್ರಾನೂ ಇದೆ. ಈ ಕಥೆ ನಿಮ್ಮ ಹತ್ರ ಮಾತ್ರ ಇರೋದು," ಅಂದ. "ಬಾಯಿದ್ದೋನು ಬರಗಾಲದಲ್ಲೂ ಬದುಕ್ದ. ನಿಮಗೋ ಬಾಯಿ ಇರೋದು ಮೊಳೆ ಕಚ್ಕೊಳ್ಳೋಕೆ."

"ಮಗ ಸತ್ತಿದ್ದನ್ನ ಹೇಳಿ ಮಾರೋದೇನೋ?"

"ಮಾರೋದಲ್ಲ ಭಾವ, ತಿಳಿಸೋದು. ನಾಲ್ಕು ಮಕ್ಕಳು ಉಳಿದ್ರೆ ಪುಣ್ಯ ಅಲ್ವಾ? ಆ ತೊಟ್ಟಿಲು ಮಾಡಿದ್ಯಾರು ಅನ್ನೋದೊಂದು ಬಿಟ್ಟುಬಿಡಿ."

ಕಥೆ ಫೋನಿಗೆ ಹೋಯಿತು, ಫೋನಿನಿಂದ ಊರೂರಿಗೆ ಹೋಯಿತು. ಗಿರಾಕಿಗಳು ಸಾಲಾಗಿ ಬಂದರು, ಬಂದವರೆಲ್ಲ ಬಡಗಿಯ ಬಾಯಿಂದಲೇ ಕೇಳಬೇಕೆಂದರು. ಹೇಳುತ್ತ ಹೇಳುತ್ತ ಕಥೆ ಮೈ ತುಂಬಿಕೊಂಡಿತು. ಹಲಗೆಯ ಹಿಂದೆ ಅವಳು ತಿಕ್ಕುತ್ತಲೇ ಇದ್ದಳು. ಒಂದು ಮಧ್ಯಾಹ್ನ ಹೊಸ ಮಾತು ಕೇಳಿಸಿತು: "ಅಪ್ಪಾ ಅಂತ ಕರೆದ. ಓಡಿ ಬಂದೆ. ಅಷ್ಟರಲ್ಲಿ ಆಗಿಹೋಗಿತ್ತು."

ಅವಳ ಕೈ ನಿಂತಿತು.

ಅವಳು ಕೇಳಿದಂತೆ ಮಗು ಒಂದು ಮಾತನ್ನೂ ಆಡಿರಲಿಲ್ಲ. ತುಟಿ ಕೂಡಿಸಿ ಬ್ಬ ಬ್ಬ ಅನ್ನುತ್ತಿತ್ತು, ಅಷ್ಟೆ. ಹಾಗಾದರೆ ಅವಳು ಹಾಲಿನ ಸಾಲಿನಲ್ಲಿ ನಿಂತಿದ್ದಾಗ ಮೊದಲ ಮಾತು ಬಂತೇ? ಗಂಡ ಅದನ್ನು ಹನ್ನೊಂದು ವರ್ಷ ತನ್ನಿಂದ ಮುಚ್ಚಿಟ್ಟು ಗಿರಾಕಿಗಳಿಗೆ ಹೇಳುತ್ತಿದ್ದಾನೆಯೇ? ಆ ಒಂದು ಮಾತು ನಿಜವಾಗಿದ್ದರೆ ಸಾಕು, ಎದೆಯಲ್ಲಿಟ್ಟುಕೊಂಡು ಉಳಿದ ದಿನ ಕಳೆದೇನು ಅನ್ನಿಸಿತು. ಮೂರು ದಿನ ಕೇಳಲು ಬಾಯಿ ಬರಲಿಲ್ಲ. ನಾಲ್ಕನೆಯ ದಿನ ಊಟಕ್ಕೆ ಕೂತಾಗ ಕೇಳಿದಳು.

"ಅವನು ಕರೆದ್ನಾ?"

"ಯಾರು?"

"ಗಿರಾಕಿಗಳಿಗೆ ಹೇಳ್ತೀರಲ್ಲ, ಅವನು."

ಬಡಗಿಯ ತುತ್ತು ಕೈಯಲ್ಲೇ ಉಳಿಯಿತು. "ಅದು ನಿನ್ನ ತಮ್ಮ ಸೇರಿಸು ಅಂದಿದ್ದು. ಮನಸ್ಸಿಗೆ ನಾಟುತ್ತೆ ಅಂತ."

"ನನ್ನ ತಮ್ಮ ಅವತ್ತು ಅಲ್ಲಿರಲಿಲ್ಲ. ನೀವಿದ್ರಿ. ಕರೆದ್ನೋ ಇಲ್ವೋ?"

"ಗರಗಸದ ಮಿಷನ್ ಓಡ್ತಿತ್ತು ಕಣೇ," ಅಂದ. "ಕರೆದಿದ್ರೂ ಕೇಳ್ತಿರಲಿಲ್ಲ. ಅತ್ತಿದ್ರೂ ಕೇಳ್ತಿರಲಿಲ್ಲ. ಈಗ ಹೇಳೋವಾಗ ಮಾತ್ರ ಕೇಳಿಸ್ದಂಗೆ ಆಗುತ್ತೆ. ಅದಕ್ಕೇ ಹೇಳ್ತೀನಿ."

ಸಿಟ್ಟು ಬಂದಿದ್ದರೆ ಅವಳಿಗೆ ಸುಲಭವಿತ್ತು. ಬರಲಿಲ್ಲ. ಎದ್ದು ತಟ್ಟೆ ತೊಳೆದಳು.

ಮರುದಿನ ತಮ್ಮ ದೂರದಿಂದ ಬಂದ ಗಂಡಹೆಂಡಿರನ್ನು ಕರೆತಂದ. ಬಡಗಿ ಎಂದಿನಂತೆ ಶುರುಮಾಡಿದ. ಆ ಮಾತಿನವರೆಗೆ ಬಂದು ನಿಂತ. ಆಗ ಹಲಗೆಯ ಹಿಂದಿನಿಂದ ಅವಳು ಹೊರಗೆ ಬಂದಳು, ತಲೆಗೂದಲಲ್ಲಿ ಮರದ ಪುಡಿ.

"ಅಯ್ಯೋ, ಆ ಮಗುವಿನ ತಾಯಿ ನೀವೇನಾ?" ಗಿರಾಕಿಯ ಹೆಂಡತಿ ಫೋನ್ ಎತ್ತಿ ಹಿಡಿದಳು. "ನೀವೇ ಒಂಚೂರು ಹೇಳಿಬಿಡಿ ಅಕ್ಕ. ನಮ್ಮತ್ತೆಗೆ ಕಳಿಸ್ಬೇಕು."

"ಮಗು ಕರೆದಿದ್ದು ಯಾರಿಗೂ ಕೇಳಿಸ್ಲಿಲ್ಲಮ್ಮ. ಮಿಷನ್ ಓಡ್ತಿತ್ತು. ಆ ತೊಟ್ಟಿಲು ಮಾಡಿದ್ದೂ ಇವರೇ. ಸಂದು ಐದು ಬೆರಳಿತ್ತು." ಅವಳು ಹೊಸ ತೊಟ್ಟಿಲನ್ನು ಮುಂದಕ್ಕೆ ತಳ್ಳಿದಳು. "ಇದರದ್ದು ಮೂರು. ಕೈ ಹಾಕಿ ನೋಡಿ."

ಫೋನ್ ಕೆಳಗಿಳಿಯಿತು. ಆ ಹೆಂಗಸು ಬಡಗಿಯ ಕೈಗಳನ್ನು ನೋಡಿದಳು. ತೊಟ್ಟಿಲನ್ನು ಮುಟ್ಟಲಿಲ್ಲ.

"ಯೋಚನೆ ಮಾಡಿ ಬರ್ತೀವಿ," ಅಂದ ಅವಳ ಗಂಡ.

ಅವರು ಬೀದಿ ದಾಟಿ ಎದುರಿನ ಅಂಗಡಿಗೆ ಹೋದರು. ತಮ್ಮ ಹಣೆ ಚಚ್ಚಿಕೊಂಡ. "ಕೂತ ಕೊಂಬೇನೇ ಕಡಿದ್ಯಲ್ಲ ಅಕ್ಕ. ಇನ್ನು ನೀವುಂಟು, ನಿಮ್ಮ ಮೂರು ಬೆರಳುಂಟು."

ಅವನು ಆಮೇಲೆ ಆ ಕಡೆ ಬಂದಿಲ್ಲ. ಅಂದು ಬಡಗಿ ಹೋಗಿ ಮಿಷನ್ ಹಾಕಿದ.

ಈಗ ವಾರಕ್ಕೊಂದು ತೊಟ್ಟಿಲು ಹೋದರೆ ಹೆಚ್ಚು. ಮಿಷನ್ ಮಾತ್ರ ದಿನವೂ ಓಡುತ್ತದೆ, ಅರ್ಧ ಹಲಗೆ ಕೊಯ್ದಾಗ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಬಡಗಿ ಗುಂಡಿಯ ಮೇಲೆ ಕೈಯಿಟ್ಟು, ಮಗನ ತೊಟ್ಟಿಲಿದ್ದ ಒಳಮನೆಯ ಕಡೆ ಕಿವಿಗೊಟ್ಟು ನಿಂತಿರುತ್ತಾನೆ. ಹಲಗೆಯ ಹಿಂದೆ ಅವಳೂ ಉಪ್ಪುಕಾಗದವನ್ನು ತಡೆಹಿಡಿದು ಕೂರುತ್ತಾಳೆ. ಸ್ವಲ್ಪ ಹೊತ್ತಿಗೆ ಮಿಷನ್ ಮತ್ತೆ ಶುರುವಾಗುತ್ತದೆ, ಅವಳು ಮತ್ತೆ ತಿಕ್ಕುತ್ತಾಳೆ.