ಅವ್ವನ ದನಿ, ಬಳಕೆಯ ಷರತ್ತು

ನಾನು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಯಶವಂತನಗರದ ಮನೆ ಬಿಟ್ಟು ನನ್ನ ಜೊತೆಗೇ ಬಂದು ಇದ್ದಾಳೆ. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವಳು ಸಂಡೂರು ಗುಡ್ಡದ ಮೈನ್ಸಿನಲ್ಲಿ ಸುತ್ತಿಗೆ ಹಿಡಿದು ಅದಿರಿನ ಕಲ್ಲು ಒಡೆಯುತ್ತಿದ್ದಳು. ಸಂಜೆ ಲಾರಿಯ ಹಿಂದೆ ಕುಳಿತು ಬಂದು ಹೆಂಗಸರೆಲ್ಲ ಇಳಿದರೆ ಮುಖ, ಸೀರೆ, ಕೂದಲು ಎಲ್ಲವೂ ಕೆಂಪು. ಅವರಲ್ಲಿ ಅವ್ವ ಯಾರೆಂದು ನಾನು ಗುರುತು ಹಿಡಿಯುತ್ತಿದ್ದುದು ಅವಳ ದನಿಯಿಂದ. ಅಷ್ಟು ಜೋರು ಮಾತು ಅವಳದು.

ಕಳೆದ ವರ್ಷ ನಮ್ಮ ಕಾಲೇಜಿಗೆ ಒಬ್ಬ ಸಂಶೋಧಕಿ ಬಂದಳು. ಈ ಸೀಮೆಯ ಜನ ಮಾತಾಡುವ ಕನ್ನಡವನ್ನು ಧ್ವನಿಮುದ್ರಿಸಿ, ಒಂದು ಕಡೆ ಕೂಡಿಸಿಟ್ಟು, ಬೇಕಾದವರು ಬಳಸಲು ಬಿಡುವುದು ಅವಳ ತಂಡದ ಕೆಲಸ. ಕಂಪ್ಲಿ, ಹಂಪಿ ಕಡೆ ಮುಗಿಸಿಕೊಂಡು ಬಂದಿದ್ದಳು. ಮೊಬೈಲಿಗೆ ಮಾತಾಡಿದರೆ ಅದು ಬೆಂಗಳೂರಿನ ಕನ್ನಡವನ್ನು ಮಾತ್ರ ಅರ್ಥ ಮಾಡಿಕೊಳ್ಳುತ್ತದೆ, ನಮ್ಮವರ ಮಾತು ಅದಕ್ಕೆ ತಿಳಿಯುವುದಿಲ್ಲ, ಅದನ್ನು ಸರಿಮಾಡಬೇಕಾದರೆ ಇಂಥ ಮಾತು ರಾಶಿ ರಾಶಿ ಬೇಕು ಎಂದು ವಿವರಿಸಿದಳು. ನಾನು ಹುರುಪಿನಿಂದ ನನ್ನದೇ ದನಿ ಕೊಡುತ್ತೇನೆ ಎಂದೆ. ಐದು ನಿಮಿಷ ಕೇಳಿದ ಮೇಲೆ, ಮೇಡಂ, ನಿಮ್ಮ ಮಾತು ಪುಸ್ತಕದ ಹಾಗಿದೆ ಎಂದಳು. ಮೆಚ್ಚುಗೆಯೆಂದೇ ತಿಳಿದೆ. ಆಮೇಲೆ ನಮ್ಮ ಮನೆಗೆ ಬಂದಾಗ ಅವ್ವ ಚಹಾ ಕೊಡುತ್ತಾ ಬಿಸಿಲಿನ ಬಗ್ಗೆ ಏನೋ ಅಂದಳು. ಆ ಹುಡುಗಿ ಲೋಟ ಕೆಳಗಿಟ್ಟು ಅವ್ವನ ಕಡೆಗೇ ತಿರುಗಿ ಕುಳಿತಳು.

ಧ್ವನಿಮುದ್ರಣ ನಡೆದದ್ದು ನಾನು ಕ್ಲಾಸಿನಲ್ಲಿದ್ದ ಮಧ್ಯಾಹ್ನಗಳಲ್ಲಿ. ಅಲ್ಲಿ ನಡೆದದ್ದನ್ನು ಹುಡುಗಿ ಆಮೇಲೆ ನನಗೆ ಹೇಳಿದಳು. ಮೊದಲು ಬಳಕೆಯ ಷರತ್ತುಗಳನ್ನು ಓದಿ ತಿಳಿಸಿದ್ದಳಂತೆ. ಈ ಮಾತನ್ನು ಸಂಶೋಧಕರಿಗೆ ಮಾತ್ರ ಕೊಡಬಹುದು, ಇಲ್ಲವೇ ಎಲ್ಲರಿಗೂ ಬಿಡಬಹುದು. ಎಲ್ಲರಿಗೂ ಬಿಟ್ಟರೆ ಬಳಸುವವರು ಎಲ್ಲಿಂದ ತಂದದ್ದೆಂದು ಹೇಳಬೇಕು, ಕತ್ತರಿಸಿದ್ದರೆ ಕತ್ತರಿಸಿದ್ದೇವೆಂದು ತಿಳಿಸಬೇಕು, ವ್ಯಾಪಾರಕ್ಕೆ ಹಚ್ಚಬಾರದು. ಅವ್ವ ಎಲ್ಲವನ್ನೂ ಕೇಳಿ, ಯಾರಾದರೂ ನಕ್ಕರೆ ಏನು ಮಾಡುತ್ತೀರಿ ಎಂದಿದ್ದಳಂತೆ. ನಗುವುದರ ಬಗ್ಗೆ ಷರತ್ತಿಲ್ಲ ಎಂದು ಹುಡುಗಿ ಹೇಳಿದ್ದಕ್ಕೆ, ನಕ್ಕರೆ ನಗಲಿ, ಎಲ್ಲರಿಗೂ ಬಿಡು ಎಂದು ಒಪ್ಪಿದ್ದಳು. ಒಂದೇ ತಕರಾರು ಅವಳದು. ಹೆಸರು ಹಾಕುವುದಿಲ್ಲ, ಸಂಡೂರು ತಾಲ್ಲೂಕಿನ ಹೆಂಗಸು ಎಂದಷ್ಟೇ ಇರುತ್ತದೆ ಎಂದಾಗ ಅವಳಿಗೆ ಹಿಡಿಸಲಿಲ್ಲ. ಹೆಸರಿಲ್ಲದ ಮಾತು ಯಾರದು ಅಂತ ತಿಳಕೊಳ್ಳೋದು ಎಂದು ಗೊಣಗಿದಳಂತೆ.

ಹೆಸರು ಇರುವುದಿಲ್ಲವೆಂದು ಕೇಳಿ ನನಗೆ ಸಮಾಧಾನವಾಯಿತು. ಯಾಕೆ ಎಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ದಿನ ಸ್ಟಾಫ್ ರೂಮಿನಲ್ಲಿ ಊಟದ ಹೊತ್ತು. ಇತಿಹಾಸದ ಮೇಷ್ಟ್ರು ಮೊಬೈಲು ಮೇಲೆತ್ತಿ ಎಲ್ಲರಿಗೂ ಒಂದು ರೀಲ್ ತೋರಿಸಿದರು. ಯಾವುದೋ ತಮಾಷೆಯ ಪುಟದವರು ಮಾಡಿದ್ದು. ಕಾರ್ಟೂನಿನ ಮುದುಕಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಬೈಯುತ್ತಾಳೆ. ದನಿ ಅವ್ವನದು.

"ಭಾಡ್ಯಾ, ನಿನ್ನ ಕಣ್ಣಾಗ ಅದಿರು ಪುಡಿ ಬೀಳ, ನಿನ್ನ ಕೈ ಸೇದಿ ಹೋಗ" ಎಂದು ಶುರುವಾಗಿ ಇಲ್ಲಿ ಬರೆಯಲಾಗದ ಕಡೆಗೆ ಹೋಗುತ್ತಿತ್ತು. ನಡುನಡುವೆ ಡೋಲಿನ ಸದ್ದು ಸೇರಿಸಿದ್ದರು. ಎಲ್ಲರೂ ನಕ್ಕರು. ಊಟದ ಡಬ್ಬಿ ಮುಂದಿಟ್ಟುಕೊಂಡು ನಾನೂ ನಕ್ಕೆ. ಇನ್ನೊಮ್ಮೆ ಹಾಕಿರಿ ಎಂದು ಯಾರೋ ಅಂದರು. ಮೇಷ್ಟ್ರು ನನ್ನ ಕಡೆ ತಿರುಗಿ, ಕನ್ನಡದವರು ನೀವೇ ಹೇಳಬೇಕು, ಈ ಭಾಡ್ಯಾ ಅನ್ನುವ ಮಾತು ಎಲ್ಲಿಂದ ಬಂತು ಎಂದು ಕೇಳಿದರು. ನಾನು ಹೇಳಿದೆ. ಭಾಡಾ ಎಂಬ ಮರಾಠಿ ಮಾತಿಗೂ ನಮ್ಮ ಬಾಡಿಗೆಗೂ ಇದಕ್ಕೂ ನಂಟಿರಬಹುದು, ಗಡಿಸೀಮೆಯಲ್ಲಿ ಇಂಥ ಪದಗಳು ಬಹಳ ಎಂದು ಕ್ಲಾಸಿನಲ್ಲಿ ಹೇಳುವಂತೆಯೇ ವಿವರಿಸಿದೆ. ಇದು ಯಾವ ಕಡೆಯ ಹೆಂಗಸಿರಬಹುದು ಎಂದು ಒಬ್ಬರು ಕೇಳಿದರು. ಸಂಡೂರಿನ ಕಡೆ ಕಾಣುತ್ತದೆ ಎಂದೆ.

ಆ ದಿನ ಉಳಿದ ಪಾಠವನ್ನು ಹೇಗೆ ಮಾಡಿದೆನೋ ಗೊತ್ತಿಲ್ಲ. ಮನೆಗೆ ಬಂದಾಗ ಅವ್ವ ಜೋಳ ಹಸನು ಮಾಡುತ್ತಾ ಕುಳಿತಿದ್ದಳು. ಮುಖ ಯಾಕೆ ಸಣ್ಣಗಾಗಿದೆ ಎಂದು ಕೇಳಿದಳು. ತಲೆನೋವು ಎಂದೆ.

ಸಂಶೋಧಕಿಗೆ ಫೋನ್ ಮಾಡಿದೆ. ನಾನು ಹೇಳುತ್ತಿದ್ದಂತೆ ಅವಳು ಆ ರೀಲ್ ಹುಡುಕಿ ನೋಡಿದಳು. ಎಲ್ಲಿಂದ ತಂದದ್ದೆಂದು ಹೇಳಿಲ್ಲ, ಕತ್ತರಿಸಿದ್ದನ್ನು ತಿಳಿಸಿಲ್ಲ, ಜಾಹೀರಾತು ಬೇರೆ ಹಾಕಿಕೊಂಡಿದ್ದಾರೆ, ಒಂದು ಷರತ್ತನ್ನೂ ಪಾಲಿಸಿಲ್ಲ, ಇವತ್ತೇ ತೆಗೆಸಲು ಬರೆಯುತ್ತೇವೆ ಎಂದಳು. ರೀಲ್ ಅಷ್ಟೇ ಅಲ್ಲ, ಅವ್ವನ ಮಾತನ್ನೆಲ್ಲ ನಿಮ್ಮ ಸಂಗ್ರಹದಿಂದ ತೆಗೆದುಹಾಕಿ ಎಂದು ನಾನು ಹೇಳಿದೆ. ವಾಪಸ್ ಪಡೆಯುವ ಹಕ್ಕು ಮಾತು ಕೊಟ್ಟವರದ್ದು ಮಾತ್ರ, ಮಗಳಾದರೂ ನಿಮ್ಮ ಮಾತಿನ ಮೇಲೆ ಹಾಗೆ ಮಾಡಲಾಗದು, ನಾನೇ ಬಂದು ಅಮ್ಮನನ್ನು ಕೇಳುತ್ತೇನೆ ಎಂದಳು.

ಭಾನುವಾರ ಬಂದಳು. ಚಾಪೆಯ ಮೇಲೆ ಕುಳಿತು ಅವ್ವನಿಗೆ ಇದ್ದದ್ದನ್ನು ಇದ್ದಂತೆಯೇ ಹೇಳಿ ರೀಲ್ ತೋರಿಸಿದಳು. ಅವ್ವ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅವಳು ಅಳುತ್ತಾಳೆ, ಇಲ್ಲವೇ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ.

"ಮುಂದಿಂದೆಲ್ಲಿ ಹೋತು?" ಎಂದಳು. "ನಾ ಬೈದಿದ್ದಷ್ಟ ಇಟ್ಟಾರ. ಯಾಕ ಬೈದೆ ಅನ್ನೋದು ಬ್ಯಾಡೇನು?"

ಹುಡುಗಿ ಲ್ಯಾಪ್‌ಟಾಪಿನಲ್ಲಿ ಪೂರ್ತಿ ಮಾತನ್ನು ಹಾಕಿದಳು. ಅವ್ವನ ಆ ಕಥೆಯನ್ನು ನಾನು ಮೊದಲ ಸಲ ಕೇಳಿದ್ದು ಆಗ. ಗಣಿಯ ಮೇಸ್ತ್ರಿಯೊಬ್ಬ ಅವ್ವನ ಗೆಳತಿಯನ್ನು ನೀರಿನ ಟ್ಯಾಂಕಿನ ಹಿಂದೆ ಹಿಡಿದೆಳೆದಿದ್ದ. ಅವ್ವ ಕಂಡು ಸುತ್ತಿಗೆ ಸಮೇತ ಓಡಿಹೋಗಿ ಹಾಗೆ ಬೈದಿದ್ದಳು. ಬೈಗುಳ ಕೇಳಿ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ಬಂದು ನಿಂತರು. ಗಣಿಯವರು ಮೇಸ್ತ್ರಿಯನ್ನು ಬೇರೆ ಗುಂಡಿಯ ಕೆಲಸಕ್ಕೆ ಹಾಕಿದರು. ಗೆಳತಿಗೆ ನಾಳೆಯಿಂದ ಬರಬೇಡ ಎಂದರು. ಅವ್ವ ಇದನ್ನೆಲ್ಲ ಎಷ್ಟು ಚೆಂದ ಹೇಳಿದ್ದಳೆಂದರೆ, ಆ ಲಾರಿ, ಆ ಟ್ಯಾಂಕು ಕಣ್ಣಿಗೆ ಕಟ್ಟುತ್ತಿತ್ತು. ಕೊನೆಯಲ್ಲಿ ಹುಡುಗಿ, ಈ ಕಥೆ ನಿಮ್ಮ ಮಗಳಿಗೆ ಗೊತ್ತಾ ಎಂದು ಕೇಳಿದ್ದಾಳೆ. ಅದಕ್ಕೆ ಅವ್ವ ಕೊಟ್ಟ ಉತ್ತರವೂ ಅದರಲ್ಲಿತ್ತು.

"ಇಲ್ಲವ್ವಾ. ಅಕಿ ಕನ್ನಡ ಕಲ್ಸಾಕಿ. ಅಕೀ ಮನ್ಯಾಗ ನನ್ನ ಮಾತು ಕುಂದ್ರಂಗಿಲ್ಲ. ಮಂದಿ ಬಂದ್ರ ನಾ ಒಳಗ ಹೋಗಿಬಿಡ್ತೀನಿ."

ಯಾರೂ ನನ್ನ ಕಡೆ ನೋಡಲಿಲ್ಲ. ಮನೆಗೆ ಮಂದಿ ಬಂದಾಗ ಅವ್ವ ಅಡುಗೆಮನೆಗೆ ಹೋಗುವುದು ಅವಳ ಸಂಕೋಚ ಎಂದು ನಾನು ತಿಳಿದಿದ್ದೆ, ಅಥವಾ ಹಾಗೆ ತಿಳಿದರೆ ಅನುಕೂಲವಾಗಿತ್ತು. ಪ್ರಪಂಚದಲ್ಲಿ ಯಾರು ಬೇಕಾದರೂ ಕೇಳಬಹುದೆಂದು ಬಿಟ್ಟಿದ್ದ ಮಾತು ಅದು. ಎಷ್ಟೋ ಜನ ನನಗಿಂತ ಮೊದಲು ಕೇಳಿರಬೇಕು. ನಾನು ಕೈಯಲ್ಲಿದ್ದ ಚಹಾದ ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತೇ ಇದ್ದೆ.

ಹುಡುಗಿ ಮೆಲ್ಲಗೆ ವಿಷಯಕ್ಕೆ ಬಂದಳು. ಎಲ್ಲವನ್ನೂ ತೆಗೆಯಬೇಕೋ, ಇರಲೋ, ಅಮ್ಮಾ ನೀವು ಹೇಳಿರಿ ಎಂದಳು. ಇರಲಿ ಎಂದಳು ಅವ್ವ. ಯಾರೋ ಕತ್ತರಿಸಿದರು ಅಂತ ನಾನು ಯಾಕೆ ಬಾಯಿ ಮುಚ್ಚಲಿ, ಪೂರ್ತಿ ಇಡಿರಿ, ನನ್ನ ಹೆಸರೂ ಹಾಕಿರಿ ಎಂದಳು. ಹೆಸರು ಹಾಕಲು ಮೇಲಿನವರನ್ನು ಕೇಳುತ್ತೇನೆ ಎಂದು ಹುಡುಗಿ ಒಪ್ಪಿದಳು. ಆಮೇಲೆ, ನಿಮ್ಮ ಗೆಳತಿಯ ಹೆಸರನ್ನು ನಾವು ಅಳಿಸಿದ್ದೇವೆ, ಆದರೂ ಆ ಊರಿನವರು ಕೇಳಿದರೆ ಯಾರೆಂದು ತಿಳಿಯುತ್ತದೆ, ಅವರಿಗೆ ಇದು ಗೊತ್ತಿದೆಯಾ ಎಂದು ಕೇಳಿದಳು.

ಅವ್ವ ಹುಡುಗಿಯ ಮುಖವನ್ನೇ ನೋಡಿದಳು. ಇದು ತನಗೆ ಹೊಳೆದೇ ಇರಲಿಲ್ಲ ಎನ್ನುವುದು ಅವಳ ಮುಖದಲ್ಲಿ ಕಾಣುತ್ತಿತ್ತು.

"ಅಕೀನ್ನ ಕೇಳ್ಬೇಕಾಗಿತ್ತು" ಎಂದಳು.

ಗೆಳತಿ ಈಗ ವಡ್ಡುವಿನಲ್ಲಿ ಮಗನ ಮನೆಯಲ್ಲಿದ್ದಳು. ಮುಂದಿನ ರಜೆಯ ದಿನ ಅವ್ವನೂ ನಾನೂ ತೋರಣಗಲ್ಲಿನವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಆಟೋ ಹಿಡಿದೆವು. ಬಸ್ಸಿನಲ್ಲಿ ಅವ್ವ ಖುಷಿಯಾಗಿದ್ದಳು. ಗೆಳತಿಯನ್ನು ಅಕ್ಕ ಎಂದೇ ಕರೆಯುವ ಅವಳು, ಅಕ್ಕ ಕೇಳಿದರೆ ಹೊಟ್ಟೆ ಹಿಡಿದು ನಗುತ್ತಾಳೆ, ನೋಡುತ್ತಿರು ಎಂದಳು. ನಾನು ಕಿಟಕಿಯ ಹೊರಗೆ ನೋಡುತ್ತಾ, ಧ್ವನಿಮುದ್ರಣದಲ್ಲಿ ಅವಳು ನನ್ನ ಬಗ್ಗೆ ಹೇಳಿದ ಮಾತಿಗೆ ಏನಾದರೂ ಅನ್ನಬೇಕೆಂದು ಯೋಚಿಸುತ್ತಲೇ ಇದ್ದೆ.

ಗೆಳತಿ ಅವ್ವನನ್ನು ತಬ್ಬಿಕೊಂಡು ಒಳಗೆ ಕರೆದಳು. ಮಗ ಕಾರ್ಖಾನೆಗೆ ಶಿಫ್ಟಿಗೆ ಹೋಗಿದ್ದ. ಸೊಸೆ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಊಟವಾಗಿ ಸೊಸೆ ಬಟ್ಟೆ ಒಗೆಯಲು ಹಿತ್ತಲಿಗೆ ಹೋದ ಮೇಲೆ ಅವ್ವ ವಿಷಯ ತೆಗೆದು, ಆ ಪೂರ್ತಿ ಮಾತನ್ನು ಮೊಬೈಲಿನಲ್ಲಿ ಹಾಕು ಎಂದು ನನಗೆ ಹೇಳಿದಳು. ಹಾಕಿದೆ. ಗೆಳತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದಳು. ಟ್ಯಾಂಕಿನ ಮಾತು ಬಂದಾಗ ಎದ್ದುಹೋಗಿ ಹಿತ್ತಲ ಬಾಗಿಲು ಮುಂದಕ್ಕೆಳೆದು ಬಂದಳು. ಅವ್ವನ ಮುಖದ ನಗು ಇಳಿಯುತ್ತಾ ಹೋಯಿತು. ಮೊಬೈಲು ನಿಲ್ಲಿಸಲೇ ಎಂದು ಕೇಳಿದೆ. ಬೇಡ, ಕೇಳುತ್ತೇನೆ ಎಂದು ಗೆಳತಿ ಕೊನೆಯವರೆಗೂ ಕೇಳಿದಳು.

"ನನ್ನ ಮಗಗ ಇದು ಗೊತ್ತಿಲ್ಲ. ಅವರಪ್ಪಗೂ ನಾ ಹೇಳಿರಲಿಲ್ಲ" ಎಂದಳು ಆಮೇಲೆ, ಬಹಳ ಸಣ್ಣ ದನಿಯಲ್ಲಿ. "ಕೆಲಸ ಯಾಕ ಬಿಟ್ಟಿ ಅಂದ್ರ ಕೆಮ್ಮು ಅಂದಿದ್ದೆ. ನೀ ಅವತ್ತು ಬೈದು ನನ್ನ ಉಳಿಸಿದಿ. ಅದನ್ನ ನಾ ಮರ್ತಿಲ್ಲ. ಆದ್ರ ಮಂದಿಗೆ ಹೇಳೋ ಮುಂದ ನನ್ನ ಒಂದು ಮಾತು ಕೇಳ್ಬೇಕಿತ್ತಲ್ಲ."

ಯಾರೊಂದಿಗೂ ಸೋಲದ ಅವ್ವನ ಬಾಯಿಗೆ ಮಾತು ಸಿಗದೆ ಹೋದದ್ದನ್ನು ನಾನು ನೋಡಿದ್ದು ಅವತ್ತೇ. ಎದ್ದು ಹೋಗಿ ಗೆಳತಿಯ ಕಾಲು ಹಿಡಿಯಲು ಬಗ್ಗಿದಳು. ಹುಚ್ಚಿ, ಸುಮ್ಮನೆ ಕುಳಿತುಕೋ ಎಂದು ಗೆಳತಿ ಅವಳ ತೋಳು ಹಿಡಿದು ಕೂಡಿಸಿದಳು. ತೆಗೆದುಬಿಡುತ್ತಾರಲ್ಲ ಎಂದು ನನ್ನನ್ನು ಕೇಳಿದಳು. ತೆಗೆಯುತ್ತಾರೆ ಎಂದೆ. ಈಗಾಗಲೇ ಇಳಿಸಿಕೊಂಡು ಇಟ್ಟುಕೊಂಡವರ ಹತ್ತಿರ ಇರುವುದನ್ನು ಯಾರೂ ವಾಪಸ್ ತರಲಾಗದು ಎಂದು ಸಂಶೋಧಕಿ ನನಗೆ ಹೇಳಿದ್ದಳು. ಅದನ್ನೂ ಹೇಳಬೇಕಿತ್ತು. ಆ ಮುಖ ನೋಡಿ ಹೇಳುವುದಕ್ಕೆ ಆಗಲಿಲ್ಲ. ಅವ್ವನೇ ಹೇಳಿದಳು. ಅಕ್ಕಾ, ಪೂರ್ತಿ ಹೋಗಂಗಿಲ್ಲ ಅಂತ, ಒಬ್ಬರಿಬ್ಬರ ಹತ್ರ ಉಳೀತೈತಿ ಅಂತ ಎಂದು ತಲೆ ತಗ್ಗಿಸಿದಳು. ಹುಡುಗಿ ಅವಳಿಗೂ ಹೇಳಿದ್ದಳೆಂದು ನನಗೆ ಗೊತ್ತಿರಲಿಲ್ಲ.

ಹೊರಡುವಾಗ ಗೆಳತಿ ಅವ್ವನ ಹಣೆಗೆ ಕುಂಕುಮ ಹಚ್ಚಲು ಹೋಗಿ, ನೆನಪಾಗಿ ಕೈ ಹಿಂದೆಗೆದು, ಕೊನೆಗೆ ಹಚ್ಚಿಯೇ ಬಿಟ್ಟಳು. ಮತ್ತೆ ಬಾ ಎಂದಳು. ಬರುತ್ತೇನೆ ಎಂದಳು ಅವ್ವ. ಅವರಿಬ್ಬರೂ ಆಮೇಲೆ ಭೇಟಿಯಾಗಿಲ್ಲ.

ವಾಪಸ್ ಬರುವಾಗ ಬಸ್ಸು ಖಾಲಿ ಇತ್ತು. ಬಹಳ ದೂರ ಬಂದ ಮೇಲೆ ಅವ್ವ, "ನಂದ ಅಂತ ತಿಳ್ಕೊಂಡು ಕೊಟ್ಟೆ. ಅರ್ಧ ಅಕೀದಿತ್ತು" ಎಂದಳು. ನಾನು ಅವಳ ಕೈಯನ್ನು ಹಿಡಿದುಕೊಂಡೆ. ನನ್ನ ಮಾತು ಆಗಲೂ ಹೊರಗೆ ಬರಲಿಲ್ಲ.

ಮರುದಿನ ಅವ್ವನೇ ಹುಡುಗಿಗೆ ಫೋನ್ ಮಾಡಿಸಿ, ಆ ಭಾಗವನ್ನಷ್ಟೇ ಅಲ್ಲ, ತನ್ನ ಮಾತನ್ನೆಲ್ಲ ತೆಗೆಯಲು ಹೇಳಿದಳು. ಜೋಳ ಬಿತ್ತುವುದು, ಹಬ್ಬದ ಅಡುಗೆ, ಗುಡ್ಡದ ಹಾದಿ, ಯಾರಿಗೂ ನೋವಾಗದ ಎಷ್ಟೋ ಮಾತು ಅದರಲ್ಲಿತ್ತು. ಅವನ್ನು ಇಡಬಹುದಲ್ಲ ಎಂದು ಹುಡುಗಿ ಬೇಡಿಕೊಂಡಳು. ಅವುಗಳಲ್ಲಿ ಯಾರ್‍ಯಾರದು ಎಷ್ಟೆಷ್ಟು ಐತೋ ನನಗೇ ಗೊತ್ತಿಲ್ಲವ್ವಾ ಎಂದಳು ಅವ್ವ. ಎಲ್ಲವೂ ಹೋಯಿತು. ಈಗ ಆ ತಂಡದವರು ಧ್ವನಿಮುದ್ರಣಕ್ಕೆ ಮೊದಲು, ನೀವು ಹೇಳುವ ಕಥೆಯಲ್ಲಿ ಬೇರೆಯವರಿದ್ದಾರೆಯೇ ಎಂದೂ ಕೇಳುತ್ತಾರಂತೆ. ರೀಲ್ ಹಾಕಿದ ಪುಟದವರು ಅದನ್ನು ತೆಗೆದರು. ಅಷ್ಟರಲ್ಲಿ ಅದು ಬೇರೆ ಬೇರೆ ಕಡೆ ಹರಡಿತ್ತು.

ಸ್ಟಾಫ್ ರೂಮಿನಲ್ಲಿ ಮೇಷ್ಟ್ರು ಅದನ್ನು ಮತ್ತೊಮ್ಮೆ ಹಾಕಿದ ದಿನ, ಅದು ನಮ್ಮ ಅವ್ವ ಎಂದು ಹೇಳಿದೆ. ಮೊದಲು ಅವರು ನಕ್ಕರು, ತಮಾಷೆ ಎಂದುಕೊಂಡು. ನನ್ನ ಮುಖ ನೋಡಿ ನಿಲ್ಲಿಸಿದರು. ಎಲ್ಲರೂ ಅವತ್ತಿನ ನನ್ನ ವಿವರಣೆಯನ್ನು ನೆನಪಿಸಿಕೊಳ್ಳುತ್ತಿದ್ದಾರೆ ಎನ್ನುವುದು ನನಗೆ ತಿಳಿಯಿತು. ಮೇಷ್ಟ್ರು ನನ್ನೆದುರಿಗೇ ಅದನ್ನು ಅಳಿಸಿ, ಆಗಲೇ ಹೇಳಬಾರದಿತ್ತೇ ಮೇಡಂ ಎಂದರು. ಗಂಟೆ ಹೊಡೆಯಿತು, ಹಾಜರಿ ಪುಸ್ತಕ ತೆಗೆದುಕೊಂಡು ಕ್ಲಾಸಿಗೆ ಹೋದೆ.