ಬಾಗಿಲ ಬಳಿಯ ಒಲೆ

ನಿನ್ನೆ ಮಧ್ಯಾಹ್ನ ನಮ್ಮ ಸ್ಟಾಫ್ ರೂಮಿಗೆ ಒಬ್ಬ ಹುಡುಗಿ ಬಂದಳು. ಕಾಲೇಜು ಉಪನ್ಯಾಸಕರ ಉದ್ಯೋಗ ತೃಪ್ತಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳಂತೆ. ನಾಲ್ಕು ಹಾಳೆ ಕೈಗಿಟ್ಟು, "ಲಗೂನ ಟಿಕ್ ಮಾಡಿಕೊಡ್ರಿ ಮೇಡಂ, ಯಾದಗಿರಿ ಬಸ್ಸಿಗಿ ಹೋಗಬೇಕು" ಅಂದಳು. ಪ್ರತಿ ಸಾಲಿನ ಮುಂದೆ ಐದು ಚೌಕ. ಈ ತುದಿಗೆ 'ಸಂಪೂರ್ಣ ಒಪ್ಪುತ್ತೇನೆ', ಆ ತುದಿಗೆ 'ಸ್ವಲ್ಪವೂ ಒಪ್ಪುವುದಿಲ್ಲ'. ಹಾಳೆಗೆ ಇನ್ನೂ ಜೆರಾಕ್ಸಿನ ಬಿಸಿ ವಾಸನೆ ಇತ್ತು. ನಿಮಗೆ ಹೇಗೋ ಕಾಣೆ, ನನಗೆ ಆ ವಾಸನೆಯ ಬೆನ್ನಿಗೇ ಹತ್ತಿಕಟ್ಟಿಗೆಯ ಹೊಗೆ ಮೂಗಿಗೆ ಬಡಿಯುತ್ತದೆ.

ಇಂಥ ಹಾಳೆ ನಾನೂ ಹಂಚಿದವಳೇ. 'ಕಿರು ಉದ್ದಿಮೆಗಳಲ್ಲಿ ಮಹಿಳೆಯರ ನಾಯಕತ್ವ ಮತ್ತು ಉದ್ಯೋಗ ತೃಪ್ತಿ' ಅಂತ ನನ್ನ ವಿಷಯ. ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ನಮ್ಮವ್ವ ಆಕಳಿಸುತ್ತಿದ್ದಳು. ಸುರಪುರದಲ್ಲಿ ಭೀಮವ್ವ ಎಂಬಾಕೆ ಐದು ಹೆಂಗಸರನ್ನು ಜೊತೆ ಮಾಡಿಕೊಂಡು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ತಗಡಿನ ಒಂದು ಕೋಣೆ, ಆರು ಒಲೆ, ಒಂದೇ ಬಾಗಿಲು. ಕಿಟಕಿ ಇರಲಿಲ್ಲ. ಬಾಗಿಲ ಬಳಿಯ ಒಲೆಗೆ ಹೊಗೆ ಕಡಿಮೆ, ಹಾಗಾಗಿ ಅದು ದಿನಕ್ಕೊಬ್ಬರ ಪಾಲು. ಭೀಮವ್ವ ತನ್ನ ಪಾಳಿ ಬಂದಾಗ ಯಾರಿಗೆ ಕೆಮ್ಮು ಜಾಸ್ತಿಯೋ ಅವರನ್ನು ಅಲ್ಲಿ ಕೂರಿಸಿ, ತಾನು ಮೂಲೆಯ ಒಲೆಗೆ ಹೋಗುತ್ತಿದ್ದಳು. ನಾನು ಇದನ್ನು ಕಂಡು ಹಿಗ್ಗಿಹೋದೆ. 'ಸಹಭಾಗಿ ನಾಯಕತ್ವಕ್ಕೆ ಉತ್ತಮ ನಿದರ್ಶನ' ಎಂದು ಡೈರಿಯಲ್ಲಿ ಬರೆದೆ. ಹೊಗೆಯ ಬಗ್ಗೆ ಏನೂ ಬರೆಯಲಿಲ್ಲ.

ಬರೆಯುವುದು ಹೇಗೆ? ಒಳಗೆ ಕೂತರೆ ನನಗೆ ಕಣ್ಣು ಉರಿಯುತ್ತಿತ್ತು. ಅದಕ್ಕೇ ಎದುರಿನ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿಕೊಂಡು ಒಬ್ಬೊಬ್ಬರನ್ನೇ ಹೊರಗೆ ಕರೆದೆ. ತಂಗಾಳಿಯಲ್ಲಿ ನಿಲ್ಲಿಸಿ ಕೇಳಿದೆ: "ಕೆಲಸದ ಜಾಗದಾಗ ಗಾಳಿ, ಬೆಳಕು ಸಾಕಷ್ಟು ಅದ ಏನ್ರಿ?"

"ಹೌದ್ರಿ ಅಕ್ಕೋರ. ಎಲ್ಲಾ ಛಲೋ ಅದ. ಆರಾಮ ಅದೀವ್ರಿ" ಎಂದಳು ಭೀಮವ್ವ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

ಸಂಪೂರ್ಣ ಒಪ್ಪುತ್ತೇನೆ. ಟಿಕ್.

ನಾನೇನು ಪರದೇಶದವಳಲ್ಲ, ಇದೇ ಸೀಮೆಯ ಕೊಂಕಲ್ ಊರಿನವಳು. ನಮ್ಮ ಕಡೆ ಮನೆಗೆ ಬಂದವರ ಮುಂದೆ ಯಾರೂ ತಮ್ಮ ಕಷ್ಟ ಬಿಚ್ಚುವುದಿಲ್ಲ. ನಮ್ಮವ್ವ ಜ್ವರದಲ್ಲಿ ಕಂಬಳಿ ಹೊದ್ದು ಮಲಗಿದ್ದರೂ ಬಂದವರಿಗೆ "ಆರಾಮ ಅದೀನ್ರಿ, ಚಾ ಕುಡೀರಿ" ಎನ್ನುತ್ತಿದ್ದಳು. ಹುಟ್ಟಿದಾಗಿನಿಂದ ಕೇಳಿದ ಮಾತನ್ನು ನಾನು ಆರು ಹೆಂಗಸರ ಬಾಯಲ್ಲಿ ಕೇಳಿ 'ದತ್ತಾಂಶ' ಎಂದು ನಂಬಿದೆ. ಓದಿದ್ದು ಹೆಚ್ಚಾದರೆ ಬುದ್ಧಿ ಹೀಗೆ ಮಂಕಾಗುತ್ತದೋ ಏನೋ. ಗೈಡ್ ಸರ್ ಅಂತೂ ಕೋಷ್ಟಕ ನೋಡಿ, "ರಿಸಲ್ಟ್ ಅಂದ್ರ ಹಿಂಗಿರಬೇಕು ನೋಡ್ರಿ" ಎಂದು ಬೆನ್ನು ತಟ್ಟಿದರು. ಪದವಿ ಬಂತು. ಪ್ರಬಂಧಕ್ಕೆ ಕೆಂಪು ರಟ್ಟು ಹಾಕಿಸಿ ಒಂದು ಪ್ರತಿಯನ್ನು ಕಿರು ಉದ್ದಿಮೆಗಳಿಗೆ ಸಹಾಯಧನ ಕೊಡುವ ಕಚೇರಿಯ ಸಾಹೇಬರಿಗೆ ಕೊಟ್ಟು ಫೋಟೊ ಹೊಡೆಸಿಕೊಂಡೆ. ಯಾರೂ ಕೇಳಿರಲಿಲ್ಲ, ನಾನೇ ಹುಡುಕಿಕೊಂಡು ಹೋಗಿ ಕೊಟ್ಟದ್ದು.

ಮೂರು ವರ್ಷದ ಮೇಲೆ ಭೀಮವ್ವ ಶಹಾಪುರದ ನಮ್ಮ ಕಾಲೇಜಿಗೆ ಬಂದಳು. ಒಂದು ಕಣ್ಣು ಬೆಳ್ಳಗಾಗಿತ್ತು. ಸೆರಗಿನ ಗಂಟಿನಿಂದ ಮಡಚಿದ ಕಾಗದ ತೆಗೆದು, "ಹೊಗಿ ಕೊಳವಿ ಇರೋ ಶೆಡ್ ಬೇಕಂತ ಸಹಾಯಧನ ಕೊಡೋ ಕಚೇರಿಗಿ ಅರ್ಜಿ ಹಾಕಿದ್ವಿರಿ. ಏನ್ ಬರದಾರ, ಒಂದೀಟು ಓದ್ರಿ" ಅಂದಳು.

ಓದಿದೆ. ಅರ್ಜಿಯನ್ನು ಪರಿಗಣಿಸಿಲ್ಲ. ಏಕೆಂದರೆ ಈ ಘಟಕದ ಮಹಿಳೆಯರು ಕೆಲಸದ ಸ್ಥಳದ ಗಾಳಿ, ಬೆಳಕಿನ ಬಗ್ಗೆ ಸಂಪೂರ್ಣ ತೃಪ್ತರಾಗಿರುವುದು ಅಧ್ಯಯನದಿಂದ ಕಂಡುಬಂದಿದೆ. ವಾಕ್ಯ ನನ್ನದೇ. ಒಂದು ಅಕ್ಷರವನ್ನೂ ಬದಲಿಸಿರಲಿಲ್ಲ.

"ಯಾರ್ ಹೇಳ್ಯಾರ್ರಿ ಹಂಗ?"

"ಯಾರೋ ಓದಿದವರು" ಅಂದೆ.

ಅವಳು ಕಾಗದವನ್ನು ಮತ್ತೆ ಗಂಟು ಹಾಕಿಕೊಂಡು ಎದ್ದಳು. ಬಾಗಿಲಲ್ಲಿ ತಿರುಗಿ ನಿಂತು, "ಅಂದಂಗ ಅಕ್ಕೋರ, ನಿಮ್ಮ ಪರೀಕ್ಷಾ ಪಾಸ್ ಆತೇನ್ರಿ? ಅವತ್ತು ನಿಮಗ ಮಾರ್ಕ್ಸ್ ಕಡಿಮಿ ಬೀಳಬಾರದು ಅಂತ ನಾವು ಆರೂ ಮಂದಿ ಮಾತಾಡಿಕೊಂಡು ಎಲ್ಲಾ ಛಲೋನೇ ಅಂದಿವಿ" ಎಂದಳು.

ಪಾಸಾಗಿದೆ ಭೀಮವ್ವ ಅಂದೆ. ಅವಳಿಗೆ ನಿಜವಾಗಿ ಸಂತೋಷವಾಯಿತು. ಅವಳ ಸಂತೋಷ ನನಗೆ ಇವತ್ತಿಗೂ ಅರಗಿಲ್ಲ. ಅವಳು ಬೈದು ಹೋಗಿದ್ದರೆ ಬದುಕಿಕೊಳ್ಳುತ್ತಿದ್ದೆ.

ಎಲ್ಲಿದ್ದೆ? ಹಾಂ, ಆ ಹುಡುಗಿಯ ಹಾಳೆ. ಹನ್ನೊಂದನೇ ಸಾಲು: 'ನನ್ನ ವಿದ್ಯೆಯಿಂದ ಸಮಾಜಕ್ಕೆ ಒಳಿತಾಗಿದೆ.' ಪೆನ್ನು ಅಭ್ಯಾಸಬಲದಿಂದ ಮೊದಲನೇ ಚೌಕದ ಕಡೆ ಹೋಯಿತು. ಎಳೆದು ತಂದು ಕೊನೆಯದರಲ್ಲಿ ಟಿಕ್ ಹಾಕಿದೆ.

ಹುಡುಗಿ ಬಗ್ಗಿ ನೋಡಿ, "ಅಯ್ಯ ಮೇಡಂ, ಹಿಂಗ್ಯಾಕ್ರಿ? ಯಾರೂ ಹಿಂಗ ಹಾಕಿಲ್ಲ. ನಮ್ಮ ಗೈಡ್ ಬೈತಾರ್ರಿ" ಅಂದಳು.

"ಬೈಲಿ ಬಿಡವ್ವ. ನಿನ್ನ ಮಾರ್ಕ್ಸ್ ಸಲುವಾಗಿ ನಾ ಛಲೋ ಅನ್ನೂದಿಲ್ಲ" ಅಂದೆ. ಪಾಪ, ಅವಳಿಗೆ ಏನೂ ತಿಳಿಯಲಿಲ್ಲ. ಹಾಳೆ ಕಸಿದುಕೊಂಡಂತೆ ತೆಗೆದುಕೊಂಡು ಬಸ್ಸಿಗೆ ಓಡಿದಳು.

ಈ ಭಾನುವಾರ ಸುರಪುರಕ್ಕೆ ಹೋಗುತ್ತೇನೆ. ಆ ವಾಕ್ಯ ಬರೆದವಳು ನಾನೇ ಎಂದು ಹೇಳಬೇಕು. ಹೊಸ ಅರ್ಜಿಯನ್ನೂ ನಾನೇ ಬರೆಯಬೇಕು, ನನ್ನ ಪ್ರಬಂಧ ಸುಳ್ಳೆಂದು ಸಹಿ ಹಾಕಿ. ಭೀಮವ್ವ ನನ್ನನ್ನು ಬಾಗಿಲ ಬಳಿಯ ಒಲೆಯ ಹತ್ತಿರ ಕೂರಿಸುತ್ತಾಳೆ, ಅವಳ ಸ್ವಭಾವ ನನಗೆ ಗೊತ್ತು. ನಾನು ಮೂಲೆಗೆ ಹೋಗಿ ಕೂರುತ್ತೇನೆ.