ಟಂಟಂ ತಪ್ಪಿದ ಪಾಳಿ

ಹೋದ ಭಾನುವಾರ ನನ್ನ ಮೈದುನ ಮಲ್ಲು ನಮ್ಮ ಮನೆಗೆ ಬಂದು, ಉಂಡು, ಸಂಜೆವರೆಗೂ ನಿದ್ದೆ ಹೊಡೆದ. ಇದೂ ಒಂದು ಸುದ್ದಿಯೇ ಎನ್ನಬೇಡಿ. ಕೊಪ್ಪಳದ ಹೊರಗಿನ ಆಟಿಕೆ ಫ್ಯಾಕ್ಟರಿಯಲ್ಲಿ ಅವನು ಶಿಫ್ಟ್ ಇನ್‌ಚಾರ್ಜ್. ಭಾನುವಾರ ಬಂತೆಂದರೆ ಫೋನು ಕಿವಿ ಬಿಡುತ್ತಿರಲಿಲ್ಲ. ಯಾರಿಗೆ ಬೆಳಗಿನ ಪಾಳಿ, ಯಾರ ಮನೆಯಲ್ಲಿ ಮದುವೆ, ಯಾರ ಮಗುವಿಗೆ ಜ್ವರ... ತಾಟಿನಲ್ಲಿ ಅನ್ನ ತಣ್ಣಗಾದರೂ ಹೊಂದಾಣಿಕೆ ಮುಗಿಯುತ್ತಿರಲಿಲ್ಲ.

"ಈಗ ಆ್ಯಪ್ ಬಂದೈತಿ ವೈನಿ. ಒಮ್ಮೆ ಒತ್ತಿದ್ರ ವಾರದ ಪಾಳಿ ತಯಾರ್. ಎಲ್ಲಾರಿಗೂ ಸಮ," ಎಂದ. ನನಗೂ ಸಮಾಧಾನವಾಯಿತು. (ಅವನ ಬಿಪಿ ಮಾತ್ರೆ ತಂದುಕೊಡುವವಳು ನಾನೇ.)

ಮರುದಿನ ರೇಣುಕಾ ಬಂದಳು. ಕಿನ್ನಾಳದ ಹೆಣ್ಣುಮಗಳು. ನಾನೇ ಮಲ್ಲುಗೆ ಹೇಳಿ ಅದೇ ಫ್ಯಾಕ್ಟರಿಗೆ ಸೇರಿಸಿದ್ದೆ. ಗೊಂಬೆಗಳಿಗೆ ಕಣ್ಣು ಬರೆಯುವ ಕೆಲಸ. ಒಳಗೆ ಕರೆದರೂ ಬಾಗಿಲ ಬಳಿಯೇ ಕೂತಳು.

"ನಿಮ್ಮ ಮಾತಿನ ಮ್ಯಾಲ ಸೇರಿದ್ದೆರಿ ಅಕ್ಕಾರ. ಕೆಲಸ ಬಿಟ್ಟೀನಿ. ಹೇಳಿ ಹೋಗೂಣಂತ ಬಂದೆ."

ಯಾಕೆ?

ಕಿನ್ನಾಳದ ಹೆಂಗಸರೆಲ್ಲ ಒಂದೇ ಟಂಟಂ ಆಟೋದಲ್ಲಿ ಬರುತ್ತಾರೆ, ಅದರಲ್ಲೇ ಹೋಗುತ್ತಾರೆ. ಹಾಗಾಗಿ ಮಲ್ಲು ಅವರಿಗೆಲ್ಲ ಒಂದೇ ಪಾಳಿ ಹಾಕುತ್ತಿದ್ದ. ಆ್ಯಪ್‌ಗೆ ಊರು ಗೊತ್ತಿಲ್ಲ, ಟಂಟಂ ಮೊದಲೇ ಗೊತ್ತಿಲ್ಲ. ರೇಣುಕಾ ಒಬ್ಬಳನ್ನೇ ರಾತ್ರಿ ಹತ್ತಕ್ಕೆ ಬಿಡುವ ಪಾಳಿಗೆ ಹಾಕಿತು. ಒಬ್ಬಳಿಗಾಗಿ ಟಂಟಂ ಬರುತ್ತದೆಯೇ? ಆ ಹೊತ್ತಿಗೆ ಬಸ್ಸೂ ಇಲ್ಲ.

ಪಾಳಿ ಬದಲಿಸಬೇಕೆಂದರೆ ಆ್ಯಪ್‌ನಲ್ಲೇ ಕಾರಣ ಒತ್ತಬೇಕು. ಅನಾರೋಗ್ಯ, ಮದುವೆ, ಪರೀಕ್ಷೆ, ಮನೆಯಲ್ಲಿ ಸಾವು. ಅನಾರೋಗ್ಯಕ್ಕೆ ಡಾಕ್ಟರ್ ಚೀಟಿ ಕೇಳುತ್ತದೆ. ಸಾವಿಗೆ ಏನೂ ಕೇಳುವುದಿಲ್ಲ, ಆ ಕ್ಷಣಕ್ಕೆ ಪಾಳಿ ಬದಲು. ಒತ್ತಿಬಿಡು, ಯಾರು ನೋಡುತ್ತಾರೆ ಎಂದು ಗೆಳತಿಯರು ಹೇಳಿಕೊಟ್ಟರಂತೆ.

"ಯಾರನ್ನಂತ ಸಾಯಿಸ್ಲಿರಿ ಅಕ್ಕಾರ? ಮನ್ಯಾಗ ಇರಾಕಿ ಅತ್ತಿ ಒಬ್ಬಾಕಿ. ನನ್ನ ಕೂಸು ಆಕಿ ಕೈಯಾಗ ಬೆಳದೈತಿ. ಬಾಯಿಲೆ ಒಂದು ಸುಳ್ಳ ಹೇಳಂದ್ರ ಹೇಳೇನು. ಆ 'ಸಾವು' ಅನ್ನೂದರ ಮ್ಯಾಲ ಬೆರಳ ಇಡಾಕ ಮನಸ ಬರಲಿಲ್ಲರಿ."

ಚಹಾ ಕೊಟ್ಟು, ಒಳಗೆ ಹೋಗಿ ಮಲ್ಲುಗೆ ಫೋನ್ ಮಾಡಿದೆ. ಅವನು ಕೆಟ್ಟವನಲ್ಲ.

"ಆಕಿ ನನಗೂ ಹೇಳಿದ್ಲು ವೈನಿ. ಈಗ ಅದೇನೂ ನನ್ನ ಕೈಯಾಗ ಇಲ್ಲ. ಹೆಂಗರ ಮಾಡಿ ಬರ್ತಾಳ ಅಂತ ತಿಳ್ಕೊಂಡಿದ್ದೆ. ಆಕಿ ಜಾಗಾಕ್ಕ ಆಗಲೇ ಬ್ಯಾರೇದಾಕಿ ಬಂದಾಳ."

ಇನ್‌ಚಾರ್ಜ್ ಕೆಲಸ ಹಗುರಾಗಬಾರದು ಎಂದು ನಾನು ಹೇಳುತ್ತಿಲ್ಲ. ಮಲ್ಲುವಿಗೂ ಒಂದು ಜೀವ ಇದೆ. ಆದರೆ ಭಾನುವಾರದ ಆ ಕಿರಿಕಿರಿಯ ಫೋನುಗಳಲ್ಲೇ ರೇಣುಕಾಳ ಅತ್ತೆ ಇದ್ದಳು, ಕೂಸು ಇತ್ತು. ಅವರನ್ನೆಲ್ಲ ಉಳಿಸಿಕೊಂಡು ಹಗುರಾಗಲು ಬರುತ್ತಿರಲಿಲ್ಲವೇ?

ಕೆಲಸ ಬಿಡುವುದಕ್ಕೂ ಆ್ಯಪ್‌ನಲ್ಲಿ ಒಂದು ಕಾರಣ ಒತ್ತಲೇಬೇಕಂತೆ; ರೇಣುಕಾ ಒತ್ತಿದ್ದು 'ಸ್ವಂತ ಇಚ್ಛೆ'.